ಹಿಡಿ ಕೂತರೆ ಸಾಲದು, ಅಗಳಿ ಕೂರಬೇಕು

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ವಿನ್ಯಾಸ ಕಚೇರಿಯಲ್ಲಿ ಹೆಲಿಕಾಪ್ಟರ್ ಬಾಗಿಲುಗಳ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಳಿಯ ಮೇಲೆ ಹಿಂದಕ್ಕೆ ಜಾರುವ ಬಾಗಿಲನ್ನು, ಮುಚ್ಚಿದ ಮೇಲೆ, ಭದ್ರವಾಗಿ ಹಿಡಿದಿಡುವ ವ್ಯವಸ್ಥೆಯನ್ನು ನಾನು ರೂಪಿಸಬೇಕಿತ್ತು. ಬಾಗಿಲಿನ ನಡುವೆ ಒಂದು ಹಿಡಿ, ಹಿಡಿಯಿಂದ ನಾಲ್ಕು ಮೂಲೆಗಳಿಗೆ ನಾಲ್ಕು ಸರಳುಗಳು, ಪ್ರತಿ ಸರಳಿನ ತುದಿಯಲ್ಲಿ ಚೌಕಟ್ಟಿನ ತೂತಿಗೆ ಹೋಗಿ ಕೂರುವ ಒಂದು ಅಗಳಿ. ಹಿಡಿ ತಿರುಗಿಸಿದರೆ ನಾಲ್ಕೂ ಅಗಳಿಗಳು ಒಟ್ಟಿಗೆ ಚಾಚಿ ಕೂರುತ್ತವೆ ಎಂಬುದನ್ನು ಕಂಪ್ಯೂಟರ್ ತೆರೆಯ ಮೇಲೆ ಎಲ್ಲರಿಗೂ ತೋರಿಸಿದ್ದೆ. ಬಾಗಿಲಿನ ಮಾದರಿ ಸಿದ್ಧವಾದ ದಿನ, ಅದನ್ನು ಜೋಡಿಸಿದ್ದ ಹಿರಿಯ ಫಿಟ್ಟರ್ ಒಬ್ಬರು ಏನೂ ಹೇಳದೆ ಒಂದು ಮೂಲೆಯ ತೂತಿನೊಳಗೆ ಅಲ್ಯುಮಿನಿಯಂ ತುಂಡೊಂದನ್ನು ತುರುಕಿ, ಬಾಗಿಲು ಎಳೆದು, ಹಿಡಿಯನ್ನು ಸ್ವಲ್ಪ ಬಲವಾಗಿ ತಿರುಗಿಸಿದರು. ಹಿಡಿ ಬಾಗಿಲಿನ ಮೈಗೆ ಸಮನಾಗಿ ಕೂತಿತು. "ಸಾರ್, ಹಿಡಿ ಕೂತಿದೆ, ಅಗಳಿ ಕೂತಿಲ್ಲ" ಎಂದರು. ಒಳಭಾಗದ ಹೊದಿಕೆ ತೆಗೆದು ನೋಡಿದರೆ, ಆ ಮೂಲೆಯ ಅಗಳಿ ತುಂಡಿಗೆ ತಾಗಿ ಅಲ್ಲೇ ನಿಂತಿತ್ತು. ಅದನ್ನು ತಳ್ಳಬೇಕಿದ್ದ ಉದ್ದನೆಯ ಸರಳು ಬಿಲ್ಲಿನಂತೆ ಬಾಗಿ ಹಿಡಿಗೆ ದಾರಿ ಬಿಟ್ಟುಕೊಟ್ಟಿತ್ತು.

ಆ ಕ್ಷಣದಲ್ಲಿ ನನಗಾದ ಸಂಕಟಕ್ಕೆ ಕಾರಣವಿತ್ತು. ಇದೇ ತಪ್ಪಿನಿಂದ 346 ಜನ ಸತ್ತ ಕಥೆಯನ್ನು ನಾನು ವಿದ್ಯಾರ್ಥಿಯಾಗಿದ್ದಾಗಲೇ ಓದಿದ್ದೆ, ಅದರ ಚಿತ್ರಗಳನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದೆ. ಓದಿದ್ದು ಕೈಗೆ ಇಳಿದಿರಲಿಲ್ಲ. ಅಂದಿನಿಂದ ಬಾಗಿಲುಗಳ ಬಗ್ಗೆ ನಾನು ಯೋಚಿಸುವ ಕ್ರಮವೇ ಬದಲಾಯಿತು, ಅದನ್ನು ಇಲ್ಲಿ ಬಿಡಿಸಿ ಬರೆಯಲು ಪ್ರಯತ್ನಿಸುತ್ತೇನೆ.

ಹೆಲಿಕಾಪ್ಟರಿಗೆ ಜಾರುಬಾಗಿಲು ಏಕೆ ಬೇಕೆಂಬುದು ಮೊದಲು ತಿಳಿದಿರಬೇಕು. 1992ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ಎಚ್‌ಎಎಲ್ ಸಂಸ್ಥೆಯ ಧ್ರುವ್ ಹೆಲಿಕಾಪ್ಟರನ್ನು ಹತ್ತಿರದಿಂದ ನೋಡಿದವರಿಗೆ, ಪೈಲಟ್‌ಗಳ ಬಾಗಿಲು ಕಾರಿನ ಬಾಗಿಲಿನಂತೆ ಕೀಲಿನ ಮೇಲೆ ತೆರೆಯುವುದೂ ಪ್ರಯಾಣಿಕರ ಬಾಗಿಲು ಹಿಂದಕ್ಕೆ ಜಾರುವುದೂ ನೆನಪಿರಬಹುದು. ರೋಟರ್ ಕೆಳಕ್ಕೆ ದೂಡುವ ಗಾಳಿಯಲ್ಲಿ ಅಗಲವಾದ ಕೀಲುಬಾಗಿಲು ಹಾಯಿಯಂತೆ ಬಡಿದಾಡುತ್ತದೆ. ಸ್ಟ್ರೆಚರ್ ಒಳಗೆ ತೂರಿಸುವುದಕ್ಕೆ, ನೆರೆಯ ನೀರಿನಲ್ಲಿ ಸಿಕ್ಕಿಬಿದ್ದವರನ್ನು ಹಗ್ಗದಿಂದ ಮೇಲೆತ್ತುವುದಕ್ಕೆ ಅಗಲವಾದ ತೆರಪು ಬೇಕು, ಅದನ್ನು ಹಾರಾಟದ ನಡುವೆಯೇ ತೆರೆಯಬೇಕು. ಇಷ್ಟನ್ನೆಲ್ಲ ಜಾರುಬಾಗಿಲು ಒದಗಿಸುತ್ತದೆ. ಆದರೆ ಅದು ಚೌಕಟ್ಟನ್ನು ಹಿಡಿದುಕೊಳ್ಳುವುದು ಕೆಲವು ಉರುಳೆಗಳ ಮೂಲಕ ಮಾತ್ರ. ಕೀಲುಬಾಗಿಲಿಗೆ ಒಂದು ಅಂಚಾದರೂ ಸದಾ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಜಾರುಬಾಗಿಲಿಗೆ ಆ ಆಸರೆಯಿಲ್ಲ.

ಪ್ರಯಾಣಿಕರ ಜೆಟ್ ವಿಮಾನದ ಕ್ಯಾಬಿನ್‌ನಂತೆ ಹೆಲಿಕಾಪ್ಟರಿನ ಒಳಗೆ ಗಾಳಿಯ ಒತ್ತಡ ತುಂಬಿಸುವುದಿಲ್ಲವಾದ್ದರಿಂದ ಬಾಗಿಲಿನ ಮೇಲೆ ದೊಡ್ಡ ಭಾರವೇನೂ ಬೀಳದು ಎಂದು ಅನೇಕರು ಭಾವಿಸುತ್ತಾರೆ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಸೆಕೆಂಡಿಗೆ 60 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 216 ಕಿ.ಮೀ. ವೇಗದಲ್ಲಿ, ಸಮುದ್ರಮಟ್ಟದ ಗಾಳಿಯ ಚಲನ ಒತ್ತಡ, ಅಂದರೆ ವೇಗದಿಂದ ಹುಟ್ಟುವ ಒತ್ತಡ, ಸುಮಾರು 2,200 ಪಾಸ್ಕಲ್. ದುಂಡನೆಯ ಒಡಲಿನ ಬದಿಯಲ್ಲಿ ಹರಿಯುವ ಗಾಳಿ ಬಾಗಿಲನ್ನು ಹೊರಕ್ಕೆ ಹೀರುತ್ತದೆ. ಆ ಹೀರುವಿಕೆ ಚಲನ ಒತ್ತಡದ ಹತ್ತರಲ್ಲಿ ಎಂಟು ಭಾಗದಷ್ಟಿದೆ ಎಂದು ಹಿಡಿದರೆ, ಒಂದೂವರೆ ಚದರ ಮೀಟರಿನ ಬಾಗಿಲನ್ನು ಸುಮಾರು 270 ಕಿಲೋ ತೂಕಕ್ಕೆ ಸಮನಾದ ಬಲ ಹೊರಕ್ಕೆ ಎಳೆಯುತ್ತಿರುತ್ತದೆ. ನಾಲ್ಕು ಜನ ಹೊರಗೆ ನಿಂತು ಒಂದೇ ಸಮನೆ ಎಳೆಯುತ್ತಿರುವಂತೆ.

ಅದರ ಮೇಲೆ ನಡುಕ. ನಾಲ್ಕು ಅಲಗಿನ ರೋಟರ್ ನಿಮಿಷಕ್ಕೆ 300 ಸುತ್ತು ತಿರುಗಿದರೆ, ಸೆಕೆಂಡಿಗೆ 20 ಸಲ ಒಡಲು ಕಂಪಿಸುತ್ತದೆ. ಒಂದು ಗಂಟೆಯ ಹಾರಾಟದಲ್ಲಿ 72,000 ಸಲ. ಸಡಿಲವಾಗಿರುವುದನ್ನು ಇನ್ನಷ್ಟು ಸಡಿಲಿಸಲು, ಅರ್ಧ ಕೂತ ಅಗಳಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಹಿಂದಕ್ಕೆ ಸರಿಸಲು ಇಷ್ಟು ಸಾಕು. ಬಾಗಿಲು ಹಿಂದಕ್ಕೆ ಜಾರಿ ತೆರೆಯುವುದರಿಂದ ಎದುರುಗಾಳಿಯೂ ಅದನ್ನು ತೆರೆಯುವ ದಿಕ್ಕಿಗೇ ತಳ್ಳುತ್ತಿರುತ್ತದೆ. ಹೀಗೆ ತೆರೆದುಕೊಂಡ ಬಾಗಿಲು ಹಳಿ ತಪ್ಪಿ ಹಾರಿದರೆ ಅದರ ದಾರಿಯಲ್ಲಿ ಬಾಲದ ರೋಟರ್ ಇದೆ. ಒಳಗಿನವರು ಕೆಳಗೆ ಬೀಳುವ ಅಪಾಯಕ್ಕಿಂತಲೂ ನನಗೆ ಹೆಚ್ಚು ಭಯ ಹುಟ್ಟಿಸುತ್ತಿದ್ದುದು ಇದು, ಏಕೆಂದರೆ ಬಾಲದ ರೋಟರ್ ಹೋದರೆ ಎಲ್ಲರೂ ಹೋಗುತ್ತಾರೆ.

ಈಗ ಆ 346 ಜನರ ಕಥೆಗೆ ಬರುತ್ತೇನೆ. ಅಲ್ಲಿನದು ಜಾರುಬಾಗಿಲಲ್ಲ, ಮೇಲಿನ ಅಂಚಿನಲ್ಲಿ ಕೀಲಿದ್ದು ಹೊರಕ್ಕೆ ತೆರೆಯುತ್ತಿದ್ದ ಸರಕಿನ ಬಾಗಿಲು. ಆದರೂ ಬೀಗದ ವಿಷಯದಲ್ಲಿ ಅದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ. ಮೆಕ್‌ಡೊನೆಲ್ ಡಗ್ಲಸ್ ಕಂಪನಿಯ ಡಿಸಿ-10 ವಿಮಾನದ ಹಿಂಬದಿ ಸರಕುಕೋಣೆಯ ಬಾಗಿಲನ್ನು ವಿದ್ಯುತ್ ಮೋಟಾರ್ ಮುಚ್ಚುತ್ತಿತ್ತು. ಬಾಗಿಲಿನ ಕೆಳಅಂಚಿನ ಕೊಕ್ಕೆಗಳು ಹೊಸ್ತಿಲಿನ ಗುಂಡುಗಳನ್ನು ಹಿಡಿಯುತ್ತಿದ್ದವು. ಕೊಕ್ಕೆಗಳನ್ನು ತಿರುಗಿಸುವ ಸನ್ನೆ (ಲಿವರ್) ತನ್ನ ತಿರುವಿನ ನಡುಗೆರೆ ದಾಟಿ ಕೂತರೆ ಒಳಗಿನ ಒತ್ತಡವೇ ಅದನ್ನು ಇನ್ನಷ್ಟು ಬಿಗಿಗೊಳಿಸುತ್ತದೆ, ದಾಟದೆ ನಿಂತರೆ ಅದೇ ಒತ್ತಡ ಅದನ್ನು ಬಿಚ್ಚಲು ನೋಡುತ್ತದೆ. ಆ ಕೊಕ್ಕೆಗಳು ಪೂರ್ತಿ ಕೂತ ಮೇಲೆ ಕೆಲಸಗಾರ ಹೊರಗಿನ ಹಿಡಿಯನ್ನು ಮಡಚಿದರೆ, ಸರಳುಗಳ ಸಾಲೊಂದು ಲಾಕ್ ಪಿನ್‌ಗಳನ್ನು ಕೊಕ್ಕೆಗಳ ಹಿಂದೆ ತಳ್ಳುತ್ತಿತ್ತು. ಕೊಕ್ಕೆ ಪೂರ್ತಿ ಕೂರದಿದ್ದರೆ ಪಿನ್ ಅದಕ್ಕೆ ತಾಗಿ ನಿಲ್ಲಬೇಕು, ಆಗ ಹಿಡಿ ಮಡಚಿಕೊಳ್ಳಬಾರದು, ಮಡಚಿಕೊಳ್ಳದ ಹಿಡಿಯನ್ನು ನೋಡಿ ಕೆಲಸಗಾರನಿಗೆ ತಪ್ಪು ಗೊತ್ತಾಗಬೇಕು ಎಂಬುದು ವಿನ್ಯಾಸಕರ ತರ್ಕ. ತರ್ಕವೇನೋ ಸರಿಯಾಗಿತ್ತು, ಸರಳುಗಳು ಬಾಗುವುದಿಲ್ಲ ಎನ್ನುವುದಾದರೆ.

1972ರ ಜೂನ್ 12ರಂದು ಡೆಟ್ರಾಯಿಟ್‌ನಿಂದ ಹೊರಟ ಅಮೆರಿಕನ್ ಏರ್‌ಲೈನ್ಸ್ ವಿಮಾನದಲ್ಲಿ ಸರಳುಗಳು ಬಾಗಿದವು. ಹಿಡಿ ಸುಲಭವಾಗಿ ಮಡಚಿಕೊಳ್ಳದಿದ್ದಾಗ ಕೆಲಸಗಾರ ಮೊಣಕಾಲು ಕೊಟ್ಟು ಒತ್ತಿದ್ದ. ಹಿಡಿ ಕೂತಿತು, ಕಾಕ್‌ಪಿಟ್‌ನ ಎಚ್ಚರಿಕೆ ದೀಪವೂ ಆರಿತು. ಕೆನಡಾದ ವಿಂಡ್ಸರ್ ನಗರದ ಮೇಲೆ, ಸುಮಾರು 11,750 ಅಡಿ ಎತ್ತರದಲ್ಲಿ ಬಾಗಿಲು ಕಿತ್ತುಹೋಯಿತು, ಕ್ಯಾಬಿನ್‌ನ ನೆಲ ಕುಸಿದು ಅದರಡಿಯ ನಿಯಂತ್ರಣ ಕೇಬಲ್‌ಗಳು ಹಾಳಾದವು. ಕ್ಯಾಪ್ಟನ್ ಬ್ರೈಸ್ ಮೆಕಾರ್ಮಿಕ್ ಇಂಜಿನ್‌ಗಳ ಬಲವನ್ನು ಹೆಚ್ಚು ಕಡಿಮೆ ಮಾಡುತ್ತ ವಿಮಾನವನ್ನು ಡೆಟ್ರಾಯಿಟ್‌ಗೆ ಮರಳಿಸಿ ಇಳಿಸಿದರು. ಅದರಲ್ಲಿದ್ದ 67 ಜನರೂ ಬದುಕಿದರು. ಎರಡು ವಾರಗಳ ನಂತರ, ಆ ವಿಮಾನದ ಒಡಲನ್ನು ತಯಾರಿಸುತ್ತಿದ್ದ ಕನ್ವೇರ್ ಸಂಸ್ಥೆಯ ಹಿರಿಯ ಇಂಜಿನಿಯರ್ ಡ್ಯಾನ್ ಆ್ಯಪಲ್‌ಗೇಟ್, ಈ ಬಾಗಿಲುಗಳು ಮುಂದೆಯೂ ತೆರೆದುಕೊಳ್ಳುತ್ತವೆ, ಆಗ ವಿಮಾನವೇ ನಾಶವಾಗಬಹುದು ಎಂದು ತಮ್ಮ ಮೇಲಿನವರಿಗೆ ಬರೆದರು. ಆ ಟಿಪ್ಪಣಿ ಅಲ್ಲೇ ಉಳಿಯಿತು.

ಮಾಡಿದ ದುರಸ್ತಿಗಳಲ್ಲಿ ಒಂದು, ಪಿನ್ ಕೂತಿದೆಯೇ ಎಂದು ನೋಡಲು ಬಾಗಿಲಿನ ಕೆಳಭಾಗದಲ್ಲಿ ಇಟ್ಟ ಸಣ್ಣ ಗಾಜಿನ ಕಿಂಡಿ. ಅದರ ಪಕ್ಕದಲ್ಲಿ ಸೂಚನಾಫಲಕ. 1974ರ ಮಾರ್ಚ್ 3ರಂದು ಪ್ಯಾರಿಸ್‌ನ ಓರ್ಲಿ ನಿಲ್ದಾಣದಲ್ಲಿ ಟರ್ಕಿಶ್ ಏರ್‌ಲೈನ್ಸ್‌ನ ಡಿಸಿ-10ರ ಬಾಗಿಲು ಮುಚ್ಚಿದ ಕೆಲಸಗಾರನಿಗೆ ಆ ಫಲಕ ಓದಲು ಬರುತ್ತಿರಲಿಲ್ಲ. ಅದು ಇಂಗ್ಲಿಷ್ ಮತ್ತು ಟರ್ಕಿ ಭಾಷೆಗಳಲ್ಲಿತ್ತು, ಅವನಿಗೆ ಎರಡೂ ಗೊತ್ತಿರಲಿಲ್ಲ. ಹಿಡಿ ಸರಿಯಾಗಿ ಕೂತರೆ ಬಾಗಿಲು ಭದ್ರ ಎಂದು ಅವನಿಗೆ ಹೇಳಿಕೊಟ್ಟಿದ್ದರು, ಹಿಡಿ ಸರಿಯಾಗಿ ಕೂತಿತ್ತು. ಆ ವಿಮಾನದ ಪಿನ್‌ಗಳ ಹೊಂದಾಣಿಕೆಯೇ ತಪ್ಪಾಗಿದ್ದುದರಿಂದ ಅದು ಕೂರುವುದು ಇನ್ನಷ್ಟು ಸುಲಭವಾಗಿತ್ತು. ಹೊರಟ ಸುಮಾರು ಹತ್ತು ನಿಮಿಷಕ್ಕೆ ವಿಮಾನ ಎರ್ಮನೊನ್‌ವಿಲ್ ಕಾಡಿನಲ್ಲಿ ಬಿತ್ತು. ಅದರಲ್ಲಿದ್ದ 346 ಜನರಲ್ಲಿ ಯಾರೂ ಉಳಿಯಲಿಲ್ಲ. ನಂತರದ ದಿನಗಳಲ್ಲಿ ಆ ಕೆಲಸಗಾರನ ಕಡೆ ಬೆರಳು ತೋರಿಸಿದವರೂ ಇದ್ದರು. ನನಗೆ ಅದನ್ನು ನೆನೆದಾಗಲೆಲ್ಲ ನೋವಾಗುತ್ತದೆ. ಅವನು ತನಗೆ ಕಲಿಸಿದ್ದನ್ನು ಪೂರ್ತಿಯಾಗಿ ಮಾಡಿದ್ದ. ಅವನ ಕೈಯಲ್ಲಿದ್ದ ಹಿಡಿ ಅವನಿಗೆ ಸುಳ್ಳು ಹೇಳಿತ್ತು.

ನಮ್ಮ ಹಳ್ಳಿಯ ಮನೆಯ ತಲೆಬಾಗಿಲಿಗೆ ಮರದ ಅಗಳಿ ಇತ್ತು. ಗೋಡೆಯ ಒಂದು ಬದಿಯ ಪೊಟರೆಯಿಂದ ಎಳೆದು, ಎರಡೂ ಕದಗಳ ಹಿಂದೆ ಅಡ್ಡ ಹಾಯಿಸಿ, ಇನ್ನೊಂದು ಬದಿಯ ಪೊಟರೆಗೆ ತೂರಿಸುವ ದಪ್ಪನೆಯ ತೊಲೆ. ರಾತ್ರಿ ಮಲಗುವ ಮುನ್ನ "ಅಗಳಿ ಹಾಕಿದೆಯೇನೋ?" ಎಂದು ಅಜ್ಜ ಕೇಳುತ್ತಿದ್ದರು, ಆದರೆ ಉತ್ತರಕ್ಕೆ ಕಾಯುತ್ತಿರಲಿಲ್ಲ; ಪಡಸಾಲೆಯಿಂದಲೇ ತೊಲೆ ಕಾಣುತ್ತಿತ್ತು. ಭಾರ ಹೊರುವ ವಸ್ತು, ಅದನ್ನು ಸರಿಸುವ ಹಿಡಿ, ಸರಿದಿದೆ ಎಂದು ತೋರಿಸುವ ಗುರುತು, ಮೂರೂ ಅಲ್ಲಿ ಒಂದೇ ಮರದ ತುಂಡು. ಡಿಸಿ-10ರಲ್ಲಿ ಈ ಮೂರೂ ಬೇರೆಯಾಗಿದ್ದವು, ನಡುವೆ ಸರಳುಗಳು, ಸನ್ನೆಗಳು, ಸ್ವಿಚ್ಚುಗಳು ಇದ್ದವು. ನನ್ನ ನಾಲ್ಕು ಅಗಳಿಯ ಬಾಗಿಲಿನಲ್ಲೂ ಹಾಗೆಯೇ ಇತ್ತು. ವಿಮಾನದ ಬಾಗಿಲಿನಲ್ಲಿ ಮರದ ತೊಲೆ ಹಾಕಲಾಗದು ನಿಜ. ಆದರೆ ಕೈಗೂ ಅಗಳಿಗೂ ನಡುವೆ ಎಷ್ಟು ಬಿಡಿಭಾಗಗಳಿವೆ ಎಂದು ಎಣಿಸಿ, ಪ್ರತಿಯೊಂದನ್ನೂ ತೆಗೆದುಹಾಕಲು ಸಾಧ್ಯವೇ ಎಂದು ಕೇಳಬಹುದು. ಸರಳತೆ ಎಂದು ನಾನು ಕರೆಯುವುದು ಇದನ್ನೇ.

ಕಾಣದ ಬೀಗದ ಅಪಾಯ ಹಳೆಯ ಕಾಲದ್ದೇನಲ್ಲ. 2024ರ ಜನವರಿ 5ರಂದು ಅಲಾಸ್ಕಾ ಏರ್‌ಲೈನ್ಸ್‌ನ ಬೋಯಿಂಗ್ 737 ಮ್ಯಾಕ್ಸ್ 9 ವಿಮಾನದಲ್ಲಿ, ಬಳಸದ ಬಾಗಿಲಿನ ಜಾಗ ಮುಚ್ಚಿದ್ದ ಫಲಕವೊಂದು ಸುಮಾರು 15,000 ಅಡಿ ಎತ್ತರದಲ್ಲಿ ಹಾರಿಹೋಯಿತು. ಒಂದರ್ಥದಲ್ಲಿ ಅದೂ ಜಾರುವ ಬಾಗಿಲೇ: ಚೌಕಟ್ಟಿನ 12 ತಡೆಗಳಿಗೆ ಒರಗಿ ಕೂತಿರುವ ಫಲಕ, ತುಸು ಮೇಲಕ್ಕೆ ಜಾರಿದರೆ ತಡೆಗಳಿಂದ ತಪ್ಪಿಸಿಕೊಂಡು ಹೊರಬರುತ್ತದೆ. ಹಾಗೆ ಮೇಲಕ್ಕೆ ಜಾರದಂತೆ ಹಿಡಿಯಬೇಕಿದ್ದವು ನಾಲ್ಕು ಬೋಲ್ಟುಗಳು. ಕಾರ್ಖಾನೆಯಲ್ಲಿ ಬೇರೊಂದು ದುರಸ್ತಿಗಾಗಿ ಫಲಕ ತೆರೆದವರು ಅವುಗಳನ್ನು ಮತ್ತೆ ಹಾಕಿರಲಿಲ್ಲ ಎಂದು ಅಮೆರಿಕದ ತನಿಖಾ ಮಂಡಳಿ ಕಂಡುಕೊಂಡಿತು. ಒಳಗೋಡೆಯ ಹೊದಿಕೆ ಮುಚ್ಚಿದ ಮೇಲೆ ಆ ಬೋಲ್ಟುಗಳಿವೆಯೋ ಇಲ್ಲವೋ ಯಾರಿಗೂ ಕಾಣುವಂತಿರಲಿಲ್ಲ. ಬೋಲ್ಟುಗಳಿಲ್ಲದೆಯೂ ಫಲಕ ನೋಡಲು ಸರಿಯಾಗಿಯೇ ಕೂತಿತ್ತು, ಅನೇಕ ಹಾರಾಟಗಳನ್ನೂ ಮುಗಿಸಿತ್ತು. 177 ಜನರಲ್ಲಿ ಯಾರೂ ಸಾಯಲಿಲ್ಲ ಎಂಬುದೊಂದೇ ಸಮಾಧಾನ.

ಇನ್ನೊಂದು ಬಗೆಯ ತಪ್ಪು 1989ರ ಫೆಬ್ರವರಿ 24ರಂದು ಹೊನೊಲುಲುವಿನಿಂದ ಹೊರಟ ಯುನೈಟೆಡ್ ಏರ್‌ಲೈನ್ಸ್‌ನ ಬೋಯಿಂಗ್ 747ರದು. ಸರಕಿನ ಬಾಗಿಲು ಕಿತ್ತುಹೋಗಿ ಒಂಬತ್ತು ಪ್ರಯಾಣಿಕರು ಕತ್ತಲ ಸಮುದ್ರದ ಪಾಲಾದರು. ಮೊದಲ ವರದಿ ಬಾಗಿಲನ್ನು ಸರಿಯಾಗಿ ಮುಚ್ಚದ್ದರತ್ತ ಮುಖಮಾಡಿತ್ತು. ಸತ್ತವರಲ್ಲಿ ಒಬ್ಬ ಯುವಕನ ತಂದೆತಾಯಿ ಅದನ್ನು ಒಪ್ಪದೆ ತಾವೇ ದಾಖಲೆ ಹುಡುಕಿದರು; 1990ರಲ್ಲಿ ಬಾಗಿಲಿನ ತುಂಡುಗಳನ್ನು ಸಾಗರದ ತಳದಿಂದ ಮೇಲೆತ್ತಿದ ಮೇಲೆ, 1992ರ ಪರಿಷ್ಕೃತ ವರದಿ ಸ್ವಿಚ್ ಅಥವಾ ತಂತಿಗಳ ದೋಷದಿಂದ ಮೋಟಾರ್ ತಾನಾಗಿಯೇ ಚಾಲನೆಗೊಂಡು ಕೊಕ್ಕೆಗಳನ್ನು ತಿರುಗಿಸಿತು ಎಂದಿತು. ಬೀಗದ ಅಲ್ಯುಮಿನಿಯಂ ಭಾಗಗಳು ಆ ಮೋಟಾರಿನ ಬಲದ ಮುಂದೆ ಬಾಗಿಹೋಗಿದ್ದವು. ಅಲ್ಲಿ ಬೀಗ ಬಿದ್ದಿತ್ತು, ಆದರೆ ತಾನು ತಡೆಯಬೇಕಾದ್ದಕ್ಕಿಂತ ದುರ್ಬಲವಾಗಿತ್ತು. ನಮ್ಮ ಬಾಗಿಲಿಗೆ ಮೋಟಾರ್ ಬೇಡವೆಂದು ನಾನು ಹಟ ಹಿಡಿದದ್ದು ಈ ಕಾರಣಕ್ಕೆ. ಕೈಯಿಂದ ಎಳೆಯಬಹುದಾದ ಬಾಗಿಲಿಗೆ ಮೋಟಾರ್ ಜೋಡಿಸಿದರೆ, ಆ ಮೋಟಾರಿನಿಂದ ಬಾಗಿಲನ್ನು ಕಾಪಾಡಲು ಮತ್ತೊಂದು ಬೀಗ ಬೇಕಾಗುತ್ತದೆ.

ಹೊಸ ವಿನ್ಯಾಸದಲ್ಲಿ ನಾನು ಮೊದಲು ಮಾಡಿದ ಕೆಲಸ, ಹಿಂದಿನ ಅಂಚಿನ ಎರಡು ಅಗಳಿಗಳನ್ನು ತೆಗೆದುಹಾಕಿದ್ದು. ಬಾಗಿಲು ಮುಚ್ಚುವಾಗ ಕೊನೆಯ ಎರಡು ಮೂರು ಸೆಂಟಿಮೀಟರ್ ಮುಂದಕ್ಕೆ ಸರಿಯುತ್ತದೆಯಷ್ಟೆ. ಆ ಚಲನೆಯನ್ನೇ ಬಳಸಿಕೊಂಡು, ಹಿಂಅಂಚಿನಲ್ಲಿ ಗಟ್ಟಿಯಾಗಿ ನೆಟ್ಟ ಎರಡು ಉಕ್ಕಿನ ಗೂಟಗಳು ತಾವಾಗಿ ಚೌಕಟ್ಟಿನ ತೂತುಗಳಿಗೆ ಹೊಗುವಂತೆ ಮಾಡಿದೆ. ಗೂಟಕ್ಕೆ ಸ್ಪ್ರಿಂಗ್ ಇಲ್ಲ, ಸರಳಿಲ್ಲ, ಕೀಲಿಲ್ಲ. ಬಾಗಿಲು ಪೂರ್ತಿ ಮುಂದೆ ಬಂದಿದ್ದರೆ ಅದು ಕೂತಿದೆ, ಬಂದಿಲ್ಲದಿದ್ದರೆ ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದು ಕಣ್ಣಿಗೆ ರಾಚುತ್ತದೆ. ಹೊರಕ್ಕೆ ಎಳೆಯುವ 270 ಕಿಲೋದಲ್ಲಿ ಅರ್ಧವನ್ನು ಹೀಗೆ ಚಲಿಸುವ ಭಾಗವೊಂದೂ ಇಲ್ಲದೆ ಹೊತ್ತಂತಾಯಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ, ಇದನ್ನು ನಾನು ತಡವಾಗಿ ಕಲಿತೆ. ಗೂಟದ ತುದಿಯನ್ನು ಮೊನಚಾಗಿಸುವಾಗ ಓರೆ ಬಹಳ ಕಡಿಮೆಯಾದರೆ ಅದು ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ಉಕ್ಕಿಗೂ ಉಕ್ಕಿಗೂ ನಡುವೆ ಘರ್ಷಣೆಯ ಗುಣಾಂಕ 0.15 ಇದ್ದರೆ, ಅದಕ್ಕೆ ಸಲ್ಲುವ ಕೋನ ಸುಮಾರು ಎಂಟೂವರೆ ಡಿಗ್ರಿ. ಓರೆಯ ಕೋನ ಅದಕ್ಕಿಂತ ಕಡಿಮೆಯಿದ್ದರೆ ಒಮ್ಮೆ ಒತ್ತಿ ಕೂತ ಗೂಟ ತಾನಾಗಿ ಬಿಡಿಸಿಕೊಳ್ಳದು. ಮರಗೆಲಸದವರು ಬೆಣೆ ಕೆತ್ತುವಾಗ ಕೈಯಂದಾಜಿನಲ್ಲಿ ತಿಳಿದಿರುವ ಸಂಗತಿಯಿದು. ಬೆಣೆ ಬಿಗಿಯಾಗಿ ನಿಲ್ಲಬೇಕಾದ್ದರಿಂದ ಅವರು ಓರೆಯನ್ನು ಸಣ್ಣದಾಗಿ ಇಡುತ್ತಾರೆ. ನಮ್ಮ ಬಾಗಿಲು ಅಪಘಾತದ ನಂತರವೂ ತೆರೆಯಬೇಕಾದ್ದರಿಂದ ನಾವು 15 ಡಿಗ್ರಿ ಇಟ್ಟೆವು.

ಮುಂಅಂಚಿನಲ್ಲಿ ಎರಡು ಕೊಕ್ಕೆಗಳು ಉಳಿದವು, ಒಂದು ಮೇಲೆ, ಒಂದು ಕೆಳಗೆ. ಬಾಗಿಲನ್ನು ಎಳೆದು ಬಡಿದರೆ ಚೌಕಟ್ಟಿನ ಗುಂಡಿಗೆ ತಾಗಿ ಕೊಕ್ಕೆ ತಾನಾಗಿ ತಿರುಗಿ ಅದನ್ನು ಹಿಡಿಯುತ್ತದೆ. ಇದು ಚಿಲಕ ಮಾತ್ರ. ಚಿಲಕ ಬಾಗಿಲನ್ನು ಹಿಡಿಯುತ್ತದೆ, ಅಗಳಿ ಚಿಲಕವನ್ನು ಹಿಡಿಯುತ್ತದೆ. ವಿಮಾನದ ಬಾಗಿಲಿಗೆ ಎರಡೂ ಬೇಕು, ಅವೆರಡೂ ಬೇರೆ ಬೇರೆಯಾಗಿರಬೇಕು. ನಮ್ಮ ಅಗಳಿ ಎಂದರೆ ಕೊಕ್ಕೆಯ ಹಿಂಭಾಗದ ಮೆಟ್ಟಿಲಿಗೆ ಬಂದು ಕೂರುವ ಹೆಬ್ಬೆರಳು ಗಾತ್ರದ ಉಕ್ಕಿನ ನಾಲಿಗೆ. ಕೊಕ್ಕೆ ಪೂರ್ತಿ ತಿರುಗಿದ್ದರೆ ಮಾತ್ರ ಆ ಮೆಟ್ಟಿಲು ನಾಲಿಗೆಯ ಎದುರು ಬರುತ್ತದೆ. ಇಲ್ಲದಿದ್ದರೆ ನಾಲಿಗೆಗೆ ಕೊಕ್ಕೆಯ ಬೆನ್ನು ಅಡ್ಡ ನಿಲ್ಲುತ್ತದೆ. ಇಷ್ಟು ಡಿಸಿ-10ರಲ್ಲೂ ಇತ್ತು. ವ್ಯತ್ಯಾಸವಿರುವುದು ಹಿಡಿಯಲ್ಲಿ. ಹಿಡಿಯನ್ನೂ ಎರಡು ನಾಲಿಗೆಗಳನ್ನೂ ಒಂದೇ ದಪ್ಪ ಕೊಳವೆಯ ದಂಡಕ್ಕೆ ಬೆಸೆದೆವು. ಮುಂಅಂಚಿನ ಉದ್ದಕ್ಕೂ ನಿಂತ ಆ ದಂಡ ತಿರುಗಿದರೆ ನಾಲಿಗೆಗಳೂ ತಿರುಗಬೇಕು. ಒಂದು ನಾಲಿಗೆಗೆ ಅಡ್ಡಿಯಾದರೂ ದಂಡ ತಿರುಗದು, ಹಿಡಿ ಬಾಗಿಲಿನ ಮೈಯಿಂದ ಹೊರಚಾಚಿಯೇ ಉಳಿಯುತ್ತದೆ. ಬಾಗಬಲ್ಲ ತೆಳು ಸರಳು ಅಲ್ಲಿ ಒಂದೂ ಇಲ್ಲ. ದಂಡವನ್ನು ಎಷ್ಟು ದಪ್ಪ ಮಾಡಬೇಕೆಂಬುದನ್ನು ಗಾಳಿಯ ಬಲದಿಂದ ಲೆಕ್ಕ ಹಾಕಲಿಲ್ಲ. ಅವಸರದಲ್ಲಿರುವ ಗಟ್ಟಿಮುಟ್ಟಾದ ಮನುಷ್ಯನೊಬ್ಬ ಹಿಡಿಯನ್ನು ಕಾಲಿನಿಂದ ಒದ್ದರೆ ಅದು ಎಷ್ಟು ತಿರುಚಿಕೊಳ್ಳುತ್ತದೆ ಎಂಬುದೇ ನಮ್ಮ ಅಳತೆಯಾಯಿತು. ಎರಡು ಕೊಕ್ಕೆಗಳಲ್ಲಿ ಒಂದು ಮುರಿದರೂ ಇನ್ನೊಂದು ಮುಂಅಂಚಿನ ಪೂರ್ತಿ ಭಾರ ಹೊರುವಷ್ಟು ಗಟ್ಟಿಯಿರಬೇಕೆಂಬ ನಿಯಮವನ್ನೂ ಇಟ್ಟುಕೊಂಡೆವು.

ಫಿಟ್ಟರ್ ಯಜಮಾನರು ಅದೇ ಅಲ್ಯುಮಿನಿಯಂ ತುಂಡನ್ನು ಎತ್ತಿಟ್ಟುಕೊಂಡಿದ್ದರು. ಈ ಸಲ ಮೇಲಿನ ಕೊಕ್ಕೆಯ ಬಾಯಿಗೆ ಅದನ್ನಿಟ್ಟು, ಹಿಡಿಗೆ ಒಂದು ಪೈಪು ತೂರಿಸಿ ಎಳೆದರು. ಹಿಡಿ ಕೂರಲಿಲ್ಲ. ಪೈಪು ಬಾಗಿತು.

ಇಲ್ಲಿಯವರೆಗೆ ಮುಚ್ಚಿರುವುದರ ಬಗ್ಗೆ ಬರೆದೆ. ತೆರೆಯುವುದು ಅಷ್ಟೇ ಮುಖ್ಯ, ಎಷ್ಟೋ ಸಲ ಹೆಚ್ಚು ಮುಖ್ಯ. 1980ರ ಆಗಸ್ಟ್ 19ರಂದು ರಿಯಾದ್‌ನಲ್ಲಿ ಸೌದಿಯಾ ಸಂಸ್ಥೆಯ ಲಾಕ್‌ಹೀಡ್ ಎಲ್-1011 ವಿಮಾನ ಸರಕುಕೋಣೆಯ ಬೆಂಕಿಯೊಂದಿಗೆ ಸುರಕ್ಷಿತವಾಗಿ ನೆಲಕ್ಕಿಳಿದಿತ್ತು. ಆ ವಿಮಾನದ ಬಾಗಿಲುಗಳು ಒಳಕ್ಕೆ ಸರಿದು ಚಾವಣಿಯತ್ತ ಮೇಲಕ್ಕೆ ಜಾರುವಂಥವು. ಇಂಜಿನ್ ನಿಂತು 23 ನಿಮಿಷಗಳಾದ ಮೇಲೆ ಹೊರಗಿನಿಂದ ಒಂದು ಬಾಗಿಲು ತೆರೆಯುವ ಹೊತ್ತಿಗೆ ಒಳಗಿದ್ದ 301 ಜನರೂ ಸತ್ತಿದ್ದರು. ಭದ್ರವಾದ ಬಾಗಿಲು ಗೋರಿಯ ಕಲ್ಲೂ ಆಗಬಲ್ಲದು ಎಂಬುದನ್ನು ಬೀಗ ರೂಪಿಸುವವರು ಮರೆಯಲಾಗದು. ದೊಡ್ಡ ಹೆಲಿಕಾಪ್ಟರುಗಳ ಅಮೆರಿಕನ್ ನಿಯಮಗಳು ಈ ಎರಡು ಬೇಡಿಕೆಗಳನ್ನೂ ಒಟ್ಟಿಗೆ ಮುಂದಿಡುತ್ತವೆ: ಯಾಂತ್ರಿಕ ವೈಫಲ್ಯದಿಂದಾಗಲಿ ಯಾರದೋ ಕೈತಪ್ಪಿನಿಂದಾಗಲಿ ಬಾಗಿಲು ಹಾರಾಟದಲ್ಲಿ ತೆರೆಯಕೂಡದು, ಪೂರ್ತಿ ಬೀಗ ಬಿದ್ದಿದೆಯೇ ಎಂದು ಸಿಬ್ಬಂದಿ ಕಣ್ಣಾರೆ ನೋಡುವಂತಿರಬೇಕು; ಜೊತೆಗೆ ಒಳಗಿನಿಂದಲೂ ಹೊರಗಿನಿಂದಲೂ, ಜನ ಬಾಗಿಲಿಗೆ ಒತ್ತಿಕೊಂಡು ನಿಂತಿದ್ದರೂ, ಅದನ್ನು ತೆರೆಯಲು ಬರಬೇಕು, ತೆರೆಯುವ ವಿಧಾನ ಸರಳವೂ ಸ್ಪಷ್ಟವೂ ಆಗಿರಬೇಕು.

ನಮ್ಮ ಬಾಗಿಲಿನಲ್ಲಿ ತೆರೆಯಲು ಒಂದೇ ಚಲನೆ: ಹಿಡಿಯನ್ನು ಹಿಂದಕ್ಕೆ ಎಳೆಯುವುದು. ಎಳೆತದ ಮೊದಲ ಭಾಗದಲ್ಲಿ ನಾಲಿಗೆ ಮೆಟ್ಟಿಲಿನಿಂದ ಏಳುತ್ತದೆ, ಮುಂದಿನ ಭಾಗದಲ್ಲಿ ಕೊಕ್ಕೆ ಬಿಡುತ್ತದೆ, ಅದೇ ಎಳೆತ ಮುಂದುವರಿದರೆ ಬಾಗಿಲು ಅದೇ ದಿಕ್ಕಿಗೆ ಜಾರುತ್ತದೆ. ಹೊಗೆಯಲ್ಲಿ ತಡಕಾಡುವವರ ಕೈಗೆ ದಿಕ್ಕು ಬದಲಿಸುವ ಕೆಲಸ ಕೊಡಬಾರದು. ಆದರೆ ಹಿಡಿ ಒಂದೇ ಎಳೆತಕ್ಕೆ ಬಿಡುವುದಾದರೆ ಅಪಘಾತದ ಹೊಡೆತಕ್ಕೂ ಬಿಡಬಹುದಲ್ಲವೇ? ಅದೇ ನಿಯಮಗಳಲ್ಲಿ ಪ್ರಯಾಣಿಕರ ರಕ್ಷಣೆಗೆ ಹೇಳಿರುವ ಮುಂದಿಕ್ಕಿನ ಹೊಡೆತ ಗುರುತ್ವದ 16 ಪಟ್ಟು, ಕೆಳದಿಕ್ಕಿನದು 20 ಪಟ್ಟು. 400 ಗ್ರಾಂ ತೂಕದ ಹಿಡಿ ಮುಂದಿಕ್ಕಿನ ಹೊಡೆತದಲ್ಲಿ 6.4 ಕಿಲೋ ತೂಗುವಂತೆ ವರ್ತಿಸುತ್ತದೆ. ಹಿಡಿಯನ್ನು ಹಿಂದಕ್ಕೆ ಎಳೆದರೆ ತೆರೆಯುವುದರಿಂದ ಮುಂದಿಕ್ಕಿನ ಹೊಡೆತ ಅದನ್ನು ಮುಚ್ಚುವ ಕಡೆಗೇ ಒತ್ತುತ್ತದೆ. ಉಳಿದ ದಿಕ್ಕುಗಳಿಗಾಗಿ ಹಿಡಿಯ ತೂಕ ದಂಡದ ಎರಡೂ ಬದಿಗೆ ಸಮನಾಗಿ ಹಂಚಿಕೊಳ್ಳುವಂತೆ ಮಾಡಿದೆವು. ಬ್ಯಾಗಿನ ಪಟ್ಟಿಯೋ ಸೀರೆಯ ಸೆರಗೋ ಸಿಕ್ಕಿಕೊಳ್ಳದಂತೆ ಅದನ್ನು ಬಾಗಿಲಿನ ಗುಳಿಯೊಳಗೆ ಕೂರಿಸಿದೆವು.

ಇಷ್ಟಾದರೂ ನೆಲಕ್ಕಪ್ಪಳಿಸಿದ ಒಡಲು ತಿರುಚಿಕೊಂಡರೆ ಹಳಿಗಳು ಡೊಂಕಾಗುತ್ತವೆ, ಉರುಳೆಗಳು ಸಿಕ್ಕಿಕೊಳ್ಳುತ್ತವೆ. ಜಾರುಬಾಗಿಲಿನ ಹುಟ್ಟುದೋಷವಿದು, ಯಾವ ಬೀಗವೂ ಇದನ್ನು ಸರಿಪಡಿಸದು. ಬಾಗಿಲಿನ ಕಿಟಕಿಯನ್ನು ಒಳಗಿನಿಂದ ತಳ್ಳಿ ಬೀಳಿಸುವಂತೆ ಮಾಡುವುದು ಬಳಕೆಯಲ್ಲಿರುವ ಪರಿಹಾರ, ನಾವೂ ಅದನ್ನೇ ಅನುಸರಿಸಿದೆವು. ಬಾಗಿಲು ಪೂರ್ತಿ ತೆರೆದಾಗಲೂ ಅದನ್ನು ಹಿಡಿದಿಡುವ ಕೊಂಡಿ ಬೇಕು ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ; ರಕ್ಷಣಾ ಕಾರ್ಯದಲ್ಲಿ ತೆರೆದ ಬಾಗಿಲು ಹಳಿಯ ನಡುವೆ ಓಡಾಡಿದರೆ ಹಗ್ಗದ ಬಳಿ ಕೂತವರ ಕೈ ಕಾಲು ಹೋಗುತ್ತದೆ.

ಹೊಂದಾಣಿಕೆಯ ತಿರುಪುಗಳ ಬಗ್ಗೆ ನನಗೆ ಈಗ ಬಲವಾದ ಅಭಿಪ್ರಾಯವಿದೆ. ಮೊದಲ ವಿನ್ಯಾಸದ ಪ್ರತಿ ಸರಳಿನ ಎರಡೂ ತುದಿಗಳಲ್ಲಿ ಉದ್ದ ಹೆಚ್ಚು ಕಡಿಮೆ ಮಾಡುವ ತಿರುಪುಗಳಿದ್ದವು, ಒಟ್ಟು ಎಂಟು. ಜೋಡಣೆ ಸುಲಭವಾಗಲಿ ಎಂದು ಇಟ್ಟಿದ್ದೆ. ಆದರೆ ತಿರುಗಿಸಲು ಬರುವ ಪ್ರತಿಯೊಂದು ತಿರುಪನ್ನೂ ಯಾರಾದರೂ ಎಂದಾದರೂ ತಪ್ಪಾಗಿ ತಿರುಗಿಸುತ್ತಾರೆ, ಅದೂ ರಾತ್ರಿಪಾಳಿಯಲ್ಲಿ, ಚಳಿಯಲ್ಲಿ, ಬೆಳಗಿನ ಹಾರಾಟದ ಒತ್ತಡದಲ್ಲಿ. ಹೊಸದರಲ್ಲಿ ಹೊಂದಿಸುವ ಜಾಗ ಒಂದೇ: ಕೊಕ್ಕೆ ಹಿಡಿಯುವ ಗುಂಡಿನ ಕೆಳಗೆ ಎತ್ತರ ಹೊಂದಿಸಲು ಇಡುವ ತೆಳು ಲೋಹದ ಹಾಳೆಗಳು, ಅಂದರೆ ಶಿಮ್‌ಗಳು. ಅದು ತಪ್ಪಾದರೆ ಬಾಗಿಲು ಮುಚ್ಚುವುದೇ ಇಲ್ಲ. ಮುಚ್ಚದ ಬಾಗಿಲಿನಿಂದ ಹಾರಾಟ ತಡವಾದೀತು, ಯಾರೂ ಸಾಯುವುದಿಲ್ಲ.

ಕೊನೆಗೆ ಉಳಿದದ್ದು ಕಿಂಡಿಯ ಪ್ರಶ್ನೆ. ನಾಲಿಗೆ ಮೆಟ್ಟಿಲಿನಲ್ಲಿ ಕೂತಿರುವುದು ಕಾಣಲೆಂದು ಎರಡು ಕೊಕ್ಕೆಗಳ ಪಕ್ಕದಲ್ಲೂ ಪಾರದರ್ಶಕ ಕಿಂಡಿ ಇಟ್ಟಿದ್ದೆವು. ಕೂತಾಗ ಹಸಿರು, ಕೂರದಿದ್ದಾಗ ಕೆಂಪು ಎಂದು ನಾಲಿಗೆಯ ಮೇಲೆಯೇ ಬಣ್ಣ ಬಳಿದಿದ್ದೆವು. ಕೆಂಪು ಹಸಿರಿನ ವ್ಯತ್ಯಾಸ ಕಾಣದ ಕಣ್ಣುಗಳಿವೆ ಎಂದು ನೆನಪಾಗಿ, ಬಣ್ಣದ ಬದಲು ನಾಲಿಗೆಯಿಂದ ಕೊಕ್ಕೆಯವರೆಗೆ ನೇರವಾಗಿ ಒಂದು ಬಿಳಿ ಗೆರೆ ಎಳೆದೆವು: ಕೂತಿದ್ದರೆ ಗೆರೆ ಅಖಂಡ, ಇಲ್ಲದಿದ್ದರೆ ಮುರಿದಿರುತ್ತದೆ. ಇದನ್ನು ತಿಳಿಯಲು ಕನ್ನಡವೂ ಬೇಡ, ಇಂಗ್ಲಿಷೂ ಬೇಡ. ಆದರೆ ಪರೀಕ್ಷೆಗಾಗಿ ಧೂಳು ಹಾಯಿಸಿದ ಮೇಲೆ ಕಿಂಡಿಯ ಪಾರದರ್ಶಕ ಹಾಳೆಯ ತುಂಬ ಗೀರುಗಳು ಬಿದ್ದು ಗೆರೆ ಮಸುಕಾಯಿತು. ತಣ್ಣನೆಯ ಕೋಣೆಯಿಂದ ಹೊರತಂದಾಗ ಅದರ ಒಳಮೈಯಲ್ಲಿ ಹನಿಗಟ್ಟಿತು. ಬೇರೆ ಬೇರೆ ಹಾಳೆಗಳನ್ನು ಹಾಕಿ ನೋಡುತ್ತ ಕೆಲವು ವಾರಗಳು ಹೋದವು. ಈಗಿನ ವಿನ್ಯಾಸದಲ್ಲಿ ಆ ಹಾಳೆಯೇ ಇಲ್ಲ. ನೀರು ನಿಲ್ಲದಂತೆ ಕೆಳಗೊಂದು ಸಣ್ಣ ತೂತು ಇಟ್ಟು, ಕಿಂಡಿಯನ್ನು ತೆರೆದೇ ಬಿಟ್ಟಿದ್ದೇವೆ; ದಪ್ಪ ಕೈಗವಸು ತೊಟ್ಟ ಬೆರಳು ಒಳಗೆ ಹೋಗುವಷ್ಟು ಅಗಲ ಮಾಡಿದ್ದೇವೆ, ಕತ್ತಲಲ್ಲಿ ಟಾರ್ಚ್ ಇಲ್ಲದಿದ್ದರೂ ನಾಲಿಗೆಯನ್ನು ಮುಟ್ಟಿ ನೋಡಬಹುದು.